ಟುವಾಲು ಹಾಸಿದ ಸೀಟು

ಜನವರಿ ೯, ಗುರುವಾರ

ಈ ಡೈರಿ ದೀಕ್ಷಾಳ ಅಂಗಡಿಯವರು ಕೊಟ್ಟದ್ದು. ವರ್ಷವಿಡೀ ನಿಂತು ಸೀರೆ ಬಿಡಿಸಿ ತೋರಿಸಿದ ಹುಡುಗಿಯರಿಗೆ ಹೊಸ ವರ್ಷಕ್ಕೆ ಒಂದು ಡೈರಿ! ಒಂದು ಸ್ಟೂಲು ಕೊಟ್ಟಿದ್ದರೆ ಕೂರಲಿಕ್ಕಾದರೂ ಆಗುತ್ತಿತ್ತು.

"ನಂಗೆ ಬರಿಯೂಕೆ ಎಂತದೂ ಇಲ್ಲ. ನೀನೇ ಇಟ್ಕೊ ಅಜ್ಜಿ. ದಿನಾ ನನ್ನ ತಲೆ ತಿನ್ನೂ ಬದ್ಲು ಇದ್ರದ್ದು ತಿನ್ನು" ಎಂದಳು ಮೊಮ್ಮಗಳು.

ನಾನು ಕಲಿತದ್ದು ಇದೇ ಭಾವಿಕೇರಿಯ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆ. ಹೊನ್ನಿಯ ಅಕ್ಷರ ದುಂಡಗೆ ಎಂದು ಮಾಸ್ತರರು ಹೇಳುತ್ತಿದ್ದರು. ಬಾಯಿ ಮಾತ್ರ ಚೂಪು ಎಂದೂ ಹೇಳುತ್ತಿದ್ದರು. ಅಕ್ಷರ ಈಗ ಸೊಟ್ಟಗಾಗಿದೆ. ಬಾಯಿ ಹಾಗೇ ಉಂಟು.

ಬೆಳಗಿನ ಸುದ್ದಿ ಬರೆಯುತ್ತೇನೆ. ನಮ್ಮೂರಿಗೆ ವಸ್ತಿ ಬಸ್ಸು ಉಂಟು. ರಾತ್ರಿ ಅಂಕೋಲೆಯಿಂದ ಬಂದು ಶಾಲೆಯ ಎದುರು ನಿಲ್ಲುತ್ತದೆ, ಡ್ರೈವರ್ ಕಂಡಕ್ಟರ್ ಅದರಲ್ಲೇ ಮಲಗುತ್ತಾರೆ, ಬೆಳಿಗ್ಗೆ ಮೊದಲ ಟ್ರಿಪ್ಪು ಹೊರಡುತ್ತದೆ. ಅವರಿಬ್ಬರ ಮುಖ ತೊಳೆಯುವ ಬಿಸಿನೀರು ನಮ್ಮ ಹಂಡೆಯದ್ದು. ಕಂಡಕ್ಟರ್ ಜಗದೀಶ ಹಾವೇರಿ ಕಡೆಯವ. ಬಂಗಡೆ ಸಾರು ಕೊಟ್ಟರೆ ಮೊದಮೊದಲು ಮೂಗು ಮುಚ್ಚುತ್ತಿದ್ದ. ಈಗ ಮುಳ್ಳನ್ನೂ ಬಿಡುವುದಿಲ್ಲ. ಬಿಸಿನೀರಿಗೆ ನಾನು ಕೇಳುವ ಬಾಡಿಗೆ ಒಂದೇ. ದೀಕ್ಷಾ ಬರದೆ ಬಸ್ಸು ಅಲುಗಬಾರದು.

ಇವತ್ತೂ ಅವಳು ತಡ. ನಾನು ಬಸ್ಸಿನ ಮೂತಿಯ ಎದುರು ಹೋಗಿ ನಿಂತೆ.

"ಅಜ್ಜಿ, ಸರೀರಿ. ಅಂಕೋಲಾದಾಗ ನನಗ ಟೈಮ್ ಕೇಳ್ತಾರ."

"ಕೇಳದ್ರೆ, ಹೊನ್ನಜ್ಜಿ ಬಚ್ಚಲ ನೀರು ಇನ್ನೂ ಕಾಯ್ಲಿಲ್ಲ ಹೇಳು."

ಒದ್ದೆ ಕೂದಲು ಹಾರಿಸುತ್ತ ಓಡಿ ಬಂದಳು. ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ಬಸ್ಸು ಹೋದ ಮೇಲೆ ಊರು ಬಾಯಿ ಮುಚ್ಚಿಕೊಳ್ಳುತ್ತದೆ. ಸೊಸೆ ನೀತಾ ಶಾಲೆಯಲ್ಲಿ ಬಿಸಿಯೂಟ ಬೇಯಿಸಲು ಹೋಗುತ್ತಾಳೆ. ಮಗ ಮಂಗೇಶ ಗೋವೆಯ ಕಾರ್ಖಾನೆಯಲ್ಲಿ, ಮನಸ್ಸಾದ ಭಾನುವಾರ ಬರುತ್ತಾನೆ. ಮತ್ತೆ ಸಂಜೆಯವರೆಗೆ ನಾನು, ಕೋಳಿ.

ಜನವರಿ ೨೩

ರಾತ್ರಿ ದೀಕ್ಷಾ ಬಂದವಳೇ ಜಗಲಿಯಲ್ಲಿ ಕಾಲು ಚಾಚಿದಳು. ಪಾದ ಊದಿ ಕಡುಬಿನ ಹಾಗಾಗಿತ್ತು. ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟೆ. ಅದು ನಮ್ಮಿಬ್ಬರ ಹೊತ್ತು. ಅವಳ ಕಾಲು ನೀರಿನಲ್ಲಿ, ಬಾಯಿ ನನ್ನ ಕಿವಿಯಲ್ಲಿ. ಯಾವ ಮದುವಣಗಿತ್ತಿ ಇಡೀ ಕಪಾಟು ಕೆಳಗಿಳಿಸಿ ಕೊನೆಗೆ ಒಂದು ಕರವಸ್ತ್ರ ಕೊಂಡಳು, ಮಾಲಕನ ಹೆಂಡತಿ ಹೇಗೆ ನಡೆಯುತ್ತಾಳೆ, ಎಲ್ಲ ಮಾಡಿ ತೋರಿಸುತ್ತಾಳೆ. ನನಗೆಂದು ಒಂದು ಬಿಳಿ ಪೆಪ್ಪರಮಿಂಟು ಇದ್ದೇ ಇರುತ್ತದೆ. ತಂಬಾಕು ಬಿಡಿಸಲು ಅವಳು ಮಾಡಿದ ಉಪಾಯ. ತಂಬಾಕು ಬಿಟ್ಟೆ, ಪೆಪ್ಪರಮಿಂಟು ಹಿಡಿಯಿತು.

ಇವತ್ತು ಕಥೆ ಹೇಳಲಿಲ್ಲ. ನಮ್ಮ ಬಸ್ಸು ತಡವಾಗಿ ಅಂಕೋಲೆಯಲ್ಲಿ ಕಾರವಾರದ ಬಸ್ಸು ತಪ್ಪಿತಂತೆ. ಮುಂದಿನದರಲ್ಲಿ ಸೀಟಿಲ್ಲ. ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಾರವಾರದವರೆಗೂ ಸರಳು ಹಿಡಿದು ನಿಂತಳು. ಅಂಗಡಿಯಲ್ಲಿ ಅರ್ಧ ದಿನದ ಸಂಬಳ ಹಿಡಿದರು. ಅಲ್ಲೂ ನಿಂತಳು. ಹುಡುಗಿಯರು ಕೂತರೆ ಗಿರಾಕಿಗೆ ಮರ್ಯಾದೆ ಕಡಿಮೆಯಂತೆ.

"ನೀ ಸಣ್ಣಕಿದ್ದಾಗ ಕಾರವಾರ ದೊಡ್ಡಾಸ್ಪತ್ರೆಗೆ ಹೋಗೂಕೆ ನಾ ಹ್ಯಾಂಗೆ ಸೀಟು ಹಿಡೀತಿದ್ದೆ, ನೆನಪಿತ್ತನೆ?" ಎಂದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ನನ್ನ ಕೆಂಪು ಗೀರಿನ ಟುವಾಲು ಎಸೆಯುತ್ತಿದ್ದೆ. ಅದು ಬಿದ್ದಲ್ಲಿ ಕೂರಲು ಮಂತ್ರಿಗೂ ಧೈರ್ಯವಿರಲಿಲ್ಲ.

ಅವಳು ನಗಲಿಲ್ಲ. "ಅಜ್ಜಿ, ನಾ ಸ್ಕೂಟಿ ತಕಂತೆ" ಎಂದಳು.

"ದುಡ್ಡು?"

"ಕಂತು."

"ಪುಕ್ಕಟೆ ಬಸ್ಸು ಬಾಗ್ಲಿಗೆ ಬಂದು ಮಲಗ್ತದೆ. ನಿಂಗೆ ಕಂತು ಕಟ್ಟಿ ಗಾಳಿ ತಿನ್ನೂಕಾಗ್ಬೇಕಾ? ಮಳ್ಳು ಹಿಡೀತನೆ?"

"ಬಸ್ಸು ಪುಕ್ಕಟೆ ಅಜ್ಜಿ. ನನ್ನ ಕಾಲು ಪುಕ್ಕಟೆ ಅಲ್ಲ."

ಕಾಲು ಒರೆಸಿಕೊಂಡು ಒಳಗೆ ಹೋದಳು. ಉತ್ತರ ಹೇಳಲು ಕಲಿತಿದ್ದಾಳೆ. ಯಾರಿಂದ ಕಲಿತಳೋ.

ಫೆಬ್ರವರಿ ೧೦, ಸೋಮವಾರ

ಬಂತು ಗಾಡಿ. ನೀಲಿ ಬಣ್ಣ. ಮಂಗೇಶ ಫೋನಿನಲ್ಲಿ "ಅವಳ ದುಡ್ಡು, ಅವಳ ಗಾಡಿ, ನೀ ಸುಮ್ನಿರು ಆಯಿ" ಎಂದ. ಗೋವೆಯಲ್ಲಿ ಕೂತು ಹೇಳುವುದು ಸುಲಭ.

ಬೆಳಿಗ್ಗೆ ನಾನು ಬಿಸಿನೀರಿನ ಕೊಡಪಾನ ಹಿಡಿದು ಬಸ್ಸಿನ ಹತ್ತಿರವೇ ಇದ್ದೆ. ಬಸ್ಸಿನಲ್ಲಿ ಜನ ಕೂತಾಗಿತ್ತು. ಅವಳು ಗಾಡಿ ತಂದು ನನ್ನೆದುರು ನಿಲ್ಲಿಸಿ, "ಅಜ್ಜಿ, ಹೋಗ್ತೆ" ಎಂದಳು. ತಲೆಗೆ ಆ ಹೆಲ್ಮೆಟ್ಟಿನ ಬುರುಡೆ ಬೇರೆ.

"ಹೋಗು ಹೋಗು, ರಾಣಿ ಸವಾರಿ!" ಎಂದೆ. "ಮಳೆಗಾಲ ಬರ್ಲಿ. ಬಾಲ ಮಡಚ್ಕಂಡು ಇದೇ ಬಸ್ಸಿನ ಹಿಂದೆ ನಾಯಿ ಹಾಂಗೆ ಓಡಿ ಬತ್ತೀ. ಬರ್ಲಿಲ್ಲ ಅಂದ್ರೆ ನನ್ನ ಹೆಸ್ರು ಹೊನ್ನಿ ಅಲ್ಲ!"

ಬಸ್ಸಿನ ಕಿಟಕಿ ಕಿಟಕಿಯಲ್ಲೂ ಹಲ್ಲು. ಮುಂದಿನ ಸೀಟಿನ ಮುದುಕ ಮಾದು ನಕ್ಕು ಕೆಮ್ಮು ಹತ್ತಿಸಿಕೊಂಡ. ನಾನು ಮಾತಾಡಿದರೆ ಊರು ನಗುವುದು ಹೊಸದಲ್ಲ. ದೀಕ್ಷಾ ಬುರುಡೆಯ ಗಾಜು ಕೆಳಗಿಳಿಸಿದಳು, ಮುಖ ಕಾಣಲಿಲ್ಲ. ಹೋದಳು.

ಬಸ್ಸೂ ಹೊರಟಿತು. ಇವತ್ತು ಯಾರೂ ತಡೆಯಬೇಕಾಗಿರಲಿಲ್ಲ. ಜಗದೀಶ ಟೈಮಿಗೆ ಹೋದ.

ಫೆಬ್ರವರಿ ೧೧

ಅವಳು ಏಳುವ ಮೊದಲು ಗಾಡಿಯ ಹ್ಯಾಂಡಲಿಗೆ ಕಪ್ಪು ದಾರ ಕಟ್ಟಿದೆ. ಒಂದು ಹಳೆಯ ಕವಡೆಯನ್ನೂ ಪೋಣಿಸಿದೆ. ಗಾಡಿಗೆ ದೃಷ್ಟಿಯಾಗಬಾರದಲ್ಲ, ಕಂತಿನದ್ದು.

ಫೆಬ್ರವರಿ ೨೭

ನಿನ್ನೆ ಶಿವರಾತ್ರಿ. ಉಪವಾಸ ಮಾಡಿದೆ.

ದೀಕ್ಷಾ ಬರುತ್ತಾಳೆ, ಗಾಡಿ ನಿಲ್ಲಿಸುತ್ತಾಳೆ, ಉಣ್ಣುತ್ತಾಳೆ, ಮಲಗುತ್ತಾಳೆ. "ಕಾಲಿಗೆ ನೀರು ಕಾಯ್ಸಲನೆ?" ಎಂದು ಕೇಳಿದರೆ "ಬ್ಯಾಡ ಅಜ್ಜಿ, ಗಾಡಿ ಮೇಲೆ ಕೂತೇ ಬಂದೆ" ಎನ್ನುತ್ತಾಳೆ. ಸರಿ, ಕೂತೇ ಬಂದಳು. ಮಾಲಕನ ಹೆಂಡತಿ ಈಗ ಹೇಗೆ ನಡೆಯುತ್ತಾಳೆ ಎಂಬುದು ನನಗೆ ಗೊತ್ತಾಗಲೇ ಇಲ್ಲ. ನೀತಾ ಊಟವಾದ ಮೇಲೆ ಫೋನು ಹಿಡಿದರೆ ಅದರ ಬೆಳಕು ಮೂಗಿನ ಮೇಲೆ, ಅವಳು ಇನ್ನೆಲ್ಲೋ. ಒಂದೇ ಹೊಸ್ತಿಲಿನ ಒಳಗಿರುವ ನಾವು ಮೂರು ಹೆಂಗಸರು ಮೂರು ಊರಿನವರ ಹಾಗೆ.

ಕೋಳಿಗೆ ಬೈದೆ. ಅದು ತಿರುಗಿ ಮಾತಾಡಿತು. ಅಷ್ಟು ಪುಣ್ಯ.

ಮಾರ್ಚ್ ೮, ಶನಿವಾರ

ಸಂಬಳದ ವಾರ. ಮೊದಲಾದರೆ ಕಾರವಾರದಿಂದ ಖಾರಾ ಸೇವಿನ ಪೊಟ್ಟಣ, ತಲೆಗೆ ಅಬ್ಬಲಿಗೆ ದಂಡೆ, ನನಗೆ ಪೆಪ್ಪರಮಿಂಟು. ಈ ಸಲ ಕೈ ಬೀಸಿಕೊಂಡು ಬಂದಳು. ಹೋದ ತಿಂಗಳೂ ಹಾಗೇ. ಗಾಡಿ ಬಂದ ಮೇಲೆ ಅಜ್ಜಿ ಮರೆತು ಹೋದಳು ಎಂದಾಯಿತು.

ಡಬ್ಬಿಗೆ ಮಾತ್ರ ಅನ್ನ ಒತ್ತಿ ಒತ್ತಿ ತುಂಬಿಸಿಕೊಳ್ಳುತ್ತಾಳೆ. "ಹೋಟ್ಲ ಚಾ ಬಿಟ್ಟೆ, ಆಸಿಡಿಟಿ" ಎಂದಳು. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಕೊರಳ ಮೂಳೆ ಎದ್ದು ಕಾಣುತ್ತದೆ. ಇವತ್ತು ಕಾಲು ಮತ್ತೆ ಊದಿದ ಹಾಗಿತ್ತು. ಗಾಡಿಯ ಮೇಲೆ ಕೂತು ಬಂದವಳಿಗೆ ಕಾಲು ಯಾಕೆ ಊದಬೇಕು? ಅಂಗಡಿಯಲ್ಲಿ ನಿಂತದ್ದಿರಬೇಕು.

ನಾನೂ ಕೇಳಲಿಲ್ಲ. ಕೇಳಿದರೆ "ಎಂತ ಇಲ್ಲ ಅಜ್ಜಿ". ಅದನ್ನು ಕೇಳಲು ನಾನೇ ಕೇಳಬೇಕೆ?

ಏಪ್ರಿಲ್ ೩

ಸಂಕೇತನೂ ಬೈಕು ತಂದ. ಪಕ್ಕದ ಮನೆಯ ಹುಡುಗ, ಮೊನ್ನೆ ಮೊನ್ನೆ ಮೀಸೆ ಬಂದವ. ಗಂಡು ಹುಡುಗರಿಗೆ ಬಸ್ಸು ಪುಕ್ಕಟೆಯಲ್ಲ, ಅವರಿಗೆ ಒಂದು ನೆವವಾದರೂ ಉಂಟು. ಬೆಳಿಗ್ಗೆ ಬಸ್ಸಿನಲ್ಲಿ ಈಗ ನರೆತ ತಲೆಗಳೇ.

"ಅಜ್ಜಿ, ಹಿಂಗಾದ್ರ ನಾನು, ಡ್ರೈವರು, ನಿಮ್ಮ ಬಿಸಿನೀರು, ಇಷ್ಟ ಉಳೀತೀವಿ ನೋಡ್ರಿ" ಎಂದ ಜಗದೀಶ.

ಬಸ್ಸು ಹೊರಟಾಗ ನನ್ನ ಕಾಲು ತಾನಾಗಿ ಅದರ ಮೂತಿಯ ಎದುರಿಗೆ ಹೋಗಿತ್ತು. ಡ್ರೈವರ್ ಹಾರ್ನ್ ಹಾಕಿದ. ಸರಿದೆ.

ಏಪ್ರಿಲ್ ೫

ಏನೂ ಇಲ್ಲ.

ಏಪ್ರಿಲ್ ೨೨, ಮಂಗಳವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಸಂಜೆಯಿಂದ ಪೆನ್ನು ಹಿಡಿದು ಕೂತಿದ್ದೇನೆ.

ಮೊಣಕಾಲಿನ ಎಣ್ಣೆ ಮುಗಿದಿತ್ತು. ಮೊದಲ ಬಸ್ಸಿಗೆ ಅಂಕೋಲೆಗೆ ಹೋದೆ. ಪಂಡಿತರ ಅಂಗಡಿ ತೆರೆದಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತೆ. ಗೋಡೆಯ ಆಚೆ ಬಾದಾಮಿ ಮರದ ಕೆಳಗೆ ನಾಲ್ಕಾರು ಗಾಡಿ ನಿಲ್ಲಿಸುತ್ತಾರೆ. ಒಂದು ನೀಲಿ ಗಾಡಿ ಬಂತು. ಲೋಕದಲ್ಲಿ ನೀಲಿ ಗಾಡಿ ಬೇಕಷ್ಟಿವೆ. ಆದರೆ ಹ್ಯಾಂಡಲಿನಲ್ಲಿ ಕಪ್ಪು ದಾರ, ಕವಡೆ.

ದೀಕ್ಷಾ ಇಳಿದಳು. ಗಾಡಿಗೆ ಬೀಗ ಹಾಕಿದಳು. ಬುರುಡೆಯನ್ನು ಸೀಟಿನ ಕೆಳಗೆ ತುರುಕಿದಳು. ಕಾರವಾರದ ಬಸ್ಸಿನ ಕಡೆ ಓಡಿದಳು.

ನಾನು ಕಂಬದ ಹಿಂದಾದೆ. ಯಾಕೆ ಅಡಗಿದೆನೋ ತಿಳಿಯದು. ಕಳ್ಳಿ ನಾನಲ್ಲವಲ್ಲ.

ಬಸ್ಸಿನ ಬಾಗಿಲಲ್ಲಿ ಜನ ಜೇನಿನ ಹಾಗೆ. ಅವಳು ಮೊಣಕೈಯಿಂದ ದಾರಿ ಮಾಡಿಕೊಂಡು ಒಳಗೆ ಹೋದಳು. ಕಿಟಕಿಗಳ ನಡುವೆ ಅವಳ ಕೈ ಮಾತ್ರ ಕಂಡಿತು. ಮೇಲಿನ ಸರಳು ಹಿಡಿದ ಕೈ, ನಾನು ಕೊಟ್ಟ ಹಸಿರು ಬಳೆ. ಮತ್ತೊಂದು ಕೈಯಲ್ಲಿ ಡಬ್ಬಿಯ ಚೀಲ. ಬಸ್ಸು ತಿರುಗುವಾಗ ಬಳೆ ಮೊಣಕೈವರೆಗೆ ಜಾರಿತು. ಅಷ್ಟು ತೆಳ್ಳಗಾಗಿದೆ ಕೈ.

ಲೆಕ್ಕ ನನಗೂ ಬರುತ್ತದೆ. ಕಂತು ಕಟ್ಟಿದ ಮೇಲೆ ಕಾರವಾರದವರೆಗೆ ಸುಡಲು ಪೆಟ್ರೋಲು ಎಲ್ಲಿಂದ ಬರಬೇಕು? ಅಂಕೋಲೆಯವರೆಗೆ ಗಾಡಿ, ಅಲ್ಲಿಂದ ಮುಂದೆ ಸೊನ್ನೆ ಟಿಕೆಟ್ಟು. ಹಾಗಾದರೆ ನಮ್ಮೂರ ಬಸ್ಸಿಗೇ ಯಾಕೆ ಬರುವುದಿಲ್ಲ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ತಿಳಿಯದೆ ಏನು. ಫೆಬ್ರವರಿಯ ಪುಟದಲ್ಲೇ ಉಂಟು. ಮತ್ತೆ ಬರೆಯುವುದಿಲ್ಲ.

ಎಣ್ಣೆ ತರಲು ಮರೆತೆ.

ಏಪ್ರಿಲ್ ೨೩

ರಾತ್ರಿ ಮೂವರೂ ಉಣ್ಣುತ್ತಿದ್ದೆವು. ದೀಕ್ಷಾ ಹೇಳಿದಳು, "ಹೈವೇಲಿ ಇವತ್ತು ಲಾರಿ ಎಷ್ಟು ಅಂತೀ ಅಜ್ಜಿ. ಅರ್ಗಾದಲ್ಲಿ ಅರ್ಧ ತಾಸು ಗಾಡಿ ನಿಲ್ಸಿಕಂಡೇ ಇದ್ದೆ."

ಅಬ್ಬ, ಎಂಥ ಸುಳ್ಳು! ನನ್ನ ನಾಲಗೆಯ ತುದಿಗೆ ಮಾತು ಬಂದು ಕೂತಿತ್ತು. ಅಷ್ಟು ಚೂಪಾದದ್ದು ವರ್ಷಕ್ಕೊಮ್ಮೆ ಬರುತ್ತದೆ. ಹೇಳಿದ್ದರೆ ನೀತಾ ಫೋನು ಬಿಟ್ಟು ನಗುತ್ತಿದ್ದಳು. ನಾಳೆ ಊರೇ ನಗುತ್ತಿತ್ತು.

"ಮೀನು ಹಾಕ್ಕೊ, ತಾರ್ಲೆ ತಾಜಾ ಉಂಟು" ಎಂದೆ.

ಗಂಟಲು ಸರಿ ಇಲ್ಲ ಎಂದು ಕಾಣುತ್ತದೆ.

ಏಪ್ರಿಲ್ ೨೮, ಸೋಮವಾರ

ಬೆಳಿಗ್ಗೆ ಹಿತ್ತಲಿನ ಬಸಳೆ ಕೊಯ್ದು ಕಟ್ಟು ಕಟ್ಟಿದೆ. "ಅಂಕೋಲೇಲಿ ಮಾರ್ತೆ" ಎಂದೆ. ನೀತಾ ನನ್ನ ಮುಖ ನೋಡಿದಳು. ಅಂಕೋಲೆಯ ಸಂತೆಗೆ ಬಸಳೆ ಒಯ್ಯುವುದೆಂದರೆ ಸಮುದ್ರಕ್ಕೆ ಉಪ್ಪು ಒಯ್ದ ಹಾಗೆ. ಬಸಳೆಯ ಮೇಲೆ ಕೆಂಪು ಗೀರಿನ ಟುವಾಲು ಮುಚ್ಚಿದೆ.

ಬಸ್ಸಿಗೆ ಈಗೀಗ ದೀಕ್ಷಾಳ ಗಾಡಿಗಿಂತ ಮೊದಲು ಹೊರಡುವ ಒಂದು ಗುಣ ಉಂಟು. ಅವಳು ಇನ್ನೂ ತಲೆ ಬಾಚುವಾಗ ನಾನು ಅಂಕೋಲೆಯಲ್ಲಿದ್ದೆ. ಕಾರವಾರದ ಬಸ್ಸು ಹಿಮ್ಮುಖ ಬಂದು ನಿಲ್ಲುತ್ತಿತ್ತು. ಜನ ಬಾಗಿಲಿಗೆ ನುಗ್ಗಿದರು. ನಾನು ಕಿಟಕಿಗೆ ನುಗ್ಗಿದೆ. ಟುವಾಲು ಎಸೆದೆ. ಕೈ ಮರೆತಿಲ್ಲ! ಬಿದ್ದದ್ದು ಸರಿಯಾಗಿ ಬಾಗಿಲ ಹಿಂದಿನ ಕಿಟಕಿ ಸೀಟಿಗೆ.

ಹತ್ತಿ ಹೋಗುವಷ್ಟರಲ್ಲಿ ಇಸ್ತ್ರಿ ಅಂಗಿಯ ಒಬ್ಬ ಅದನ್ನು ಎತ್ತಿ ಕೂರುತ್ತಿದ್ದ.

"ಏ ತಮಾ, ಇಲ್ಲಿ ಜನ ಬತ್ರು."

"ಎಲ್ಲಿದ್ದಾರೆ ಜನ? ಟವೆಲ್ ಹಾಕಿದ್ರೆ ಸೀಟ್ ನಿಮ್ಮ ಅಪ್ಪಂದಾ?"

"ನನ್ನ ಅಪ್ಪಂದಲ್ಲ, ಸರ್ಕಾರದ್ದು. ಟುವಾಲು ನಂದು. ಸೀಟು ಬೇಕಾರೆ ತಕೊ, ಟುವಾಲಿನ ಅಡಿಯಿಂದ ತಕೊ, ನೋಡ್ವಾ."

ಹಿಂದಿನ ಸೀಟಿನಲ್ಲಿ ಒಬ್ಬಳು ಗಹಗಹಿಸಿದಳು. ಮೀನಿನ ಖಾಲಿ ಬುಟ್ಟಿ ಕಾಲಡಿ ಇಟ್ಟುಕೊಂಡ ಹೆಂಗಸು, ಮೂಗಿಗೆ ದೊಡ್ಡ ಬೊಟ್ಟು. ಹೆಸರು ಹೀರಾ, ಬೇಲೆಯ ಕಡೆಯವಳು. ಬೆಳಿಗ್ಗೆ ಕಾರವಾರದ ಬಂದರಿಗೆ ಹೋಗಿ ಮೀನು ತಂದು ಮಧ್ಯಾಹ್ನ ಅಂಕೋಲೆಯಲ್ಲಿ ಮಾರುತ್ತಾಳೆ. "ಕೂರ್ಬ್ಯಾಡ ಬಾಬಾ, ಈ ಅಜ್ಜಿ ಬಾಯಿ ಗಾಳದಕಿಂತ ಚೂಪು" ಎಂದಳು. ಅವನು ಮುಂದೆ ಹೋದ.

ನಾನು ಕೂತೆ. ಹೊರಗೆ ನೋಡುತ್ತಿದ್ದೆ. ಬಾದಾಮಿ ಮರದ ಕೆಳಗೆ ನೀಲಿ ಗಾಡಿ ಕಂಡದ್ದೇ ಎದ್ದೆ.

"ಹೀರಾ, ನೀಲಿ ದುಪಟ್ಟಾ ಹಾಕ್ಕಂಡ ಒಂದು ಕೂಸು ಬತ್ತದೆ. ಕೈಯಲ್ಲಿ ಹಸ್ರು ಬಳೆ. ಅದನ್ನ ಇಲ್ಲಿ ಕೂರ್ಸು. ಟುವಾಲು ನಾಳೆ ನಂಗೆ ಕೊಡು. ನಾ ಹೇಳ್ದೆ ಅಂತ ಹೇಳ್ಬ್ಯಾಡ."

"ಯಾರು ಗೋ ಅವ್ಳು ನಿಂಗೆ?"

"ಯಾರೂ ಅಲ್ಲ. ಕಾಲು ಊದ್ತದೆ ಅದ್ಕೆ."

ಹಿಂದಿನ ಬಾಗಿಲಿನಿಂದ ಇಳಿದೆ. ಕಂಬದ ಹಿಂದಿನಿಂದ ನೋಡಿದೆ. ಕಿಟಕಿಯಲ್ಲಿ ಅವಳ ಮುಖ ಕಂಡಿತು. ಕೂತ ಮುಖ.

ಬಸಳೆ ಮಾರಲು ನೆನಪಾಗಲಿಲ್ಲ. ತಿರುಗಿ ತಂದೆ. ಇವತ್ತು ಬಸಳೆ ಸಾರು.

ಮೇ ೨

ಮತ್ತೆ ಬಸಳೆ ಸಾರು. ನೀತಾ ಬಾಯಿ ಬಿಟ್ಟಳು. "ಅತ್ತೆ, ಮಾರೂಕೆ ಒಯ್ಯೂದೋ, ಗಾಳಿಗೆ ತಿರ್ಗಾಡ್ಸೂಕೆ ಒಯ್ಯೂದೋ?"

ಸೊಸೆಗೂ ಮಾತು ಬರುತ್ತದೆ ಎಂದು ತಿಳಿಯಿತು. ಇಬ್ಬರೂ ಸ್ವಲ್ಪ ನಕ್ಕೆವು.

ಮೇ ೧೫, ಗುರುವಾರ

ಹೀರಾ ಈಗ ನನ್ನ ಆಕಾಶವಾಣಿ. ಬೆಳಿಗ್ಗೆ ಟುವಾಲಿನ ಜೊತೆ ನಿನ್ನೆಯ ಸುದ್ದಿ. ಹುಡುಗಿ ಕೂತ ಕೂಡಲೇ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತದಂತೆ. ತೋಡೂರು ಬಂದದ್ದೂ ಗೊತ್ತಿಲ್ಲ, ಅಮದಳ್ಳಿ ಹೋದದ್ದೂ ಗೊತ್ತಿಲ್ಲ. ಬಿಣಗಾದ ಸುರಂಗದಲ್ಲಿ ಕತ್ತಲಾದಾಗ ಕಣ್ಣು ಬಿಡುತ್ತದಂತೆ. ಒಮ್ಮೆ ನಿದ್ದೆಯಲ್ಲಿ ಹೀರಾಳ ಹೆಗಲಿಗೇ ತಲೆ ಇಟ್ಟಿತಂತೆ. "ಮೀನಿನ ವಾಸ್ನೆಗೆ ಏಳ್ತದೆ ಅಂದ್ಕಂಡೆ. ಇಲ್ಲ ಗೋ, ಇನ್ನೂ ಒಳಗೆ ಬಂತು" ಎಂದಳು ಹೀರಾ.

ನನಗೆ ಯಾಕೋ ಹೀರಾಳ ಮೇಲೆ ಸಿಟ್ಟು ಬಂತು. ನನ್ನ ಹೆಗಲಿಗೇನಾಗಿತ್ತು?

"ಈ ಟುವಾಲು ಯಾರದ್ದು ಅಂತ ಕೇಳ್ತದೆ ಗೋ. ಕೇಣಿ ಕಡೆ ಒಂದು ಮಳ್ಳ ಅಜ್ಜಿ ಉಂಟು, ಬಸ್ಸಿಗೆ ಟುವಾಲು ಹಾಸೂದೇ ಅದ್ಕೆ ಹುಚ್ಚು ಅಂತ ಹೇಳ್ದೆ."

"ಮಳ್ಳ ಅಂತ ಯಾಕೆ ಹೇಳ್ದೆ?"

"ಮತ್ತೆಂತ ಹೇಳ್ಲಿ? ನಂಬ್ಬೇಕಲ್ಲ?"

ಟುವಾಲಿನ ಮೂಲೆಯಲ್ಲಿ ನಾನು ಯಾವಾಗಲೂ ಅಡಿಕೆ ಚೂರು ಗಂಟು ಹಾಕಿಡುತ್ತೇನೆ. ಇವತ್ತು ಬಿಚ್ಚಿದರೆ ಅಡಿಕೆಯ ಸಂಗಡ ಒಂದು ಬಿಳಿ ಪೆಪ್ಪರಮಿಂಟು. ಹೀರಾ ಇಟ್ಟದ್ದಿರಬೇಕು, ಒಳ್ಳೆಯವಳು. ಮೀನಿನ ವಾಸನೆ ಬರುತ್ತದೆಯೇ ಎಂದು ಮೂಸಿದೆ. ಬರಲಿಲ್ಲ. ತಿಂದೆ.

ಮೇ ೨೪

ದೀಕ್ಷಾಳ ಪಾದ ಊದಿಲ್ಲ. ಜಗಲಿಯಲ್ಲಿ ಕೂತು ಏನೋ ಗುನುಗುತ್ತಿದ್ದಳು. ಕರಿ ಇಷಾಡ ಮಾವು ಹಣ್ಣಾಗಿವೆ. ಡಬ್ಬಿಯ ಮೇಲೆ ಎರಡು ಇಟ್ಟೆ. "ಒಂದು ಸಾಕಲ್ಲ ಅಜ್ಜಿ" ಎಂದಳು. "ಒಂದು ನಿಂಗೆ, ಒಂದು ಪಕ್ಕ ಕೂತವ್ರಿಗೆ" ಎಂದುಬಿಟ್ಟೆ. ಗಾಡಿಯ ಮೇಲೆ ಪಕ್ಕ ಯಾರು ಕೂರುತ್ತಾರೆ? ಅವಳು ಗಮನಿಸಲಿಲ್ಲ. ಎರಡನ್ನೂ ಚೀಲಕ್ಕೆ ಹಾಕಿಕೊಂಡಳು.

ಇನ್ನು ಹೀರಾ ನನಗೆ ಮಾವಿನಹಣ್ಣಿನ ರುಚಿ ಹೇಳಬಾರದು ಅಷ್ಟೇ.

ಟುವಾಲಿನಲ್ಲಿ ದಿನಾ ಪೆಪ್ಪರಮಿಂಟು. ಹೀರಾಗೆ ಹುಚ್ಚು.

ಜೂನ್ ೬, ಶುಕ್ರವಾರ

ಮಳೆ ಹಿಡಿಯಿತು. ಬೋಟು ಬಂದ್. ಬಂದರಿನಲ್ಲಿ ಮೀನಿಲ್ಲವಾದ್ದರಿಂದ ಹೀರಾ ಇನ್ನು ಆಗಸ್ಟಿನವರೆಗೆ ಕಾರವಾರದ ಬಸ್ಸು ಹತ್ತುವುದಿಲ್ಲ. ಹೋಗುವಾಗ ಹೇಳಿಯೇ ಹೋದಳು. "ಪೆಪ್ಪರಮಿಂಟು ಬಾಳ ತಿನ್ಸಿದ್ಯೇ ಮಾರಾಯ್ತಿ, ಋಣ ಉಂಟು" ಎಂದೆ. "ಎಂತಾ ಪೆಪ್ಪರಮಿಂಟು ಗೋ?" ಎಂದಳು. ನಾಟಕ!

ಇವತ್ತು ನಾನೊಬ್ಬಳೇ. ಟುವಾಲು ಎಸೆದೆ, ಕೂತೆ. ನೀಲಿ ಗಾಡಿ ಮಳೆಯಲ್ಲಿ ಬಂತು. ಪಕ್ಕದಲ್ಲಿ ಒಂದು ಕಾಲೇಜಿನ ಹುಡುಗಿ, ಕಿವಿಗೆ ಫೋನಿನ ಬತ್ತಿ ಹಾಕಿಕೊಂಡದ್ದು. "ತಂಗಿ, ಇಲ್ಲಿ ಜನ ಬತ್ರು, ಹಸ್ರು ಬಳೆ" ಎಂದೆ. ಅದು ತಲೆ ಅಲ್ಲಾಡಿಸಿತು. ಕೇಳಿತೋ ಇಲ್ಲವೋ. ಟುವಾಲು ಹಾಸಿ ಇಳಿದೆ. ಮಳೆಗೆ ಕಿಟಕಿಯ ಹೊದಿಕೆ ಇಳಿಸಿದ್ದರು, ಯಾರು ಕೂತರೆಂದು ಕಾಣಲಿಲ್ಲ. ಟುವಾಲು ಹೋಯಿತೆಂದೇ ಎಣಿಸು ಎಂದು ಮನಸ್ಸಿಗೆ ಹೇಳಿ ಮನೆಗೆ ಬಂದೆ. ತಲೆ ಒರೆಸಲು ಬೇರೆ ಟುವಾಲು ಇರಲಿಲ್ಲವೆಂದಲ್ಲ. ಆದರೂ ಹಾಗೇ ಒದ್ದೆ ತಲೆಯಲ್ಲಿ ಕೂತಿದ್ದೆ.

ಜೂನ್ ೭, ಶನಿವಾರ

ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಲು ಹೋದೆ. ಒಲೆಯ ಮೇಲಿನ ದಾರದಲ್ಲಿ ಕೆಂಪು ಗೀರಿನ ಟುವಾಲು. ಒಗೆದು, ಹಿಂಡಿ, ಬೆಚ್ಚಗೆ ಒಣಹಾಕಿತ್ತು. ಮೂಲೆಯಲ್ಲಿ ಗಂಟು. ಬಿಚ್ಚುವ ಮೊದಲೇ ಗೊತ್ತಾಯಿತು.

ಎಲ್ಲ ಒಟ್ಟಿಗೇ ಗೊತ್ತಾಯಿತು.

ದೀಕ್ಷಾ ಹಲ್ಲುಜ್ಜುತ್ತ ಬಂದು ಬಾಗಿಲಲ್ಲಿ ನಿಂತಳು. ನಾನು ಬೆಂಕಿ ಊದಿದೆ. ಅಗತ್ಯಕ್ಕಿಂತ ಹೆಚ್ಚೇ ಊದಿದೆ.

"ಹೊಗೆ ಬಂತನೆ ಅಜ್ಜಿ ಕಣ್ಣಿಗೆ?"

"ಹಸಿ ಕಟ್ಟಿಗೆ."

"ಟುವಾಲಿನ ಮೂಲೆಗೆ ಅಡ್ಕೆ ಗಂಟು ಹಾಕೂ ಮಳ್ಳ ಅಜ್ಜಿ ಈ ತಾಲೂಕಿಗೆ ಒಂದೇ ಇರೂದು" ಎಂದಳು. "ಮೊದಲ್ನೆ ದಿನವೇ ಗೊತ್ತಿತ್ತು."

"ಗೊತ್ತಿದ್ರೆ ಬಾಯಿ ಎಲ್ಲಿಟ್ಟಿದ್ದೆ?"

"ನೀ ಎಲ್ಲಿಟ್ಟಿದ್ದೆ?"

ನಾನು ಹಂಡೆಯ ಮುಚ್ಚಳ ತೆಗೆದೆ. ಕೊಡಪಾನಕ್ಕೆ ನೀರು ತೋಡಿದೆ.

ಅವಳು ಹತ್ತಿರ ಬಂದು ಕೂತಳು. "ಗಾಡಿ ಮಾರೂದಿಲ್ಲ ಅಜ್ಜಿ. ರಾತ್ರಿ ಬಸ್ಸಿಳಿದ್ರೆ ಮನೆಗೆ ಬರೂಕೆ ಬೇಕು, ವಸ್ತಿ ಬಸ್ಸು ತಪ್ತದೆ. ಹಗಲಿಗೆ ಕಾರವಾರದವರೆಗೂ ಓಡ್ಸೂಕೆ ಆಗೂದಿಲ್ಲ, ಪೂರೈಸೂದಿಲ್ಲ. ಅದ್ಕೆ ಹೀಂಗೆ. ನೀ ಬೇಕಾರೆ ನಗಾಡು."

"ನಗೂಕೆ ಎಂತ ಉಂಟು? ಹೊಳೆ ದಾಟೂಕೆ ದೋಣಿ, ದಂಡೆಗೆ ಕಾಲು" ಎಂದೆ. ಎಲ್ಲಿಂದ ಬಂತೋ ಆ ಮಾತು. ಚೂಪಿರಲಿಲ್ಲ.

"ಹಾಂಗಾರೆ ಇವತ್ತು ಬಸ್ಸಿಗೆ ಹೋಗ್ಬ್ಯಾಡ. ಮಳೆ. ನನ್ನ ಹಿಂದೆ ಕೂತ್ಕೊ, ಅಂಕೋಲೆವರೆಗೆ ನಾ ಬಿಡ್ತೆ."

"ನಾ ನಿನ್ನ ಸಂಗ್ತಿಗೆ ಬಂದ್ರೆ ಸೀಟು ಯಾರು, ನಿನ್ನ ಅಪ್ಪ ಹಿಡೀತ್ನಾ?"

ಅವಳು ನಕ್ಕಳು. ಫೆಬ್ರವರಿಯಿಂದ ಎಲ್ಲಿಟ್ಟಿದ್ದಳೋ ಆ ನಗುವನ್ನು. ಒಳಗಿನಿಂದ ನೀತಾ "ಎಂತಾಯ್ತು?" ಎಂದು ಕೂಗಿದಳು. ಇಬ್ಬರೂ "ಎಂತ ಇಲ್ಲ" ಎಂದೆವು.

ಜೂನ್ ೯, ಸೋಮವಾರ

ಬಸಳೆ ಒಯ್ಯಲಿಲ್ಲ. ಟುವಾಲು ಒಂದೇ.

ಮಳೆಗೆ ಬಸ್‌ಸ್ಟ್ಯಾಂಡು ಸೋರುತ್ತಿತ್ತು. ಸೀಟು ಹಿಡಿದು ಕೂತೆ. ಇವತ್ತು ದೀಕ್ಷಾ ಬೇಗ ಹೊರಟಿದ್ದಾಳೆ ಎಂದು ಕಾಣುತ್ತದೆ, ಡ್ರೈವರ್ ಇನ್ನೂ ಚಾ ಕುಡಿಯುತ್ತಿರುವಾಗಲೇ ಹತ್ತಿ ಬಂದಳು. ನಾನು ಏಳಲು ಹೋದೆ. "ಕೂತ್ಕೊ, ಬಸ್ಸು ಹೊರಡೂವರೆಗೆ" ಎಂದು ನನ್ನನ್ನು ಕಿಟಕಿಗೆ ತಳ್ಳಿ ಪಕ್ಕದಲ್ಲಿ ಒತ್ತಿ ಕೂತಳು. ಮೂರನೆಯವಳು ಬೈದಳು. ನಾನು ತಿರುಗಿ ಬೈದೆ. ದೀಕ್ಷಾ ನನ್ನ ಕೈ ಜಗ್ಗಿದಳು.

ಮಾಲಕನ ಹೆಂಡತಿಯ ಕಥೆ ಹೇಳಿದಳು. ಈಗ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕುತ್ತಾಳಂತೆ. ಆ ಇಕ್ಕಟ್ಟಿನಲ್ಲೇ ಎದ್ದು ಎರಡು ಹೆಜ್ಜೆ ನಡೆದು ತೋರಿಸಿದಳು. ಬೈದ ಹೆಂಗಸೂ ನಕ್ಕಳು. ಮತ್ತೆ ಕೂತು ನನ್ನ ಹೆಗಲಿಗೆ ತಲೆ ಇಟ್ಟಳು. ಒದ್ದೆ ಕೂದಲು. ನಾನು ಅಲುಗಾಡಲಿಲ್ಲ.

ಡ್ರೈವರ್ ಹತ್ತಿದ. ಕಂಡಕ್ಟರ್ ಸೀಟಿ ಊದಿದ. ನಾನು ಇಳಿದೆ.

ನಮ್ಮೂರಿಗೆ ತಿರುಗಿ ಹೋಗುವ ಬಸ್ಸಿನಲ್ಲಿ ನಾನೊಬ್ಬಳೇ. ಉಳಿದ ಸೀಟುಗಳೆಲ್ಲ ಖಾಲಿ, ಮಳೆಯ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಿತ್ತು. ಜಗದೀಶ ಸೊನ್ನೆ ಟಿಕೆಟ್ ಹರಿದು ಕೊಟ್ಟು ನನ್ನ ತಲೆ ನೋಡಿದ.

"ಅಜ್ಜಿ, ಪೂರಾ ನೆನದೀರಲ್ಲ. ಟುವಾಲ ಎಲ್ಲಿ ಬಿಟ್ಟು ಬಂದ್ರಿ?"

"ಸೀಟಿನ ಮೇಲೆ" ಎಂದೆ.

"ಯಾರರ ಒಯ್ತಾರ್ರೀ."

"ಒಯ್ಯೂದಿಲ್ಲ" ಎಂದೆ. "ಜನ ಬಂದ್ರು."